ಸೀಸದಕಡ್ಡಿ ಅಳಿಸಿದ ಮಚ್ಚೆ

ನನ್ನ ತಾಯಿಯ ತಂದೆ ಫೋಟೊಗ್ರಾಫರ್. ಬೀದಿಯವರ ಬಾಯಲ್ಲಿ ಮಾತ್ರ ಅವರು ಸೀಸದಕಡ್ಡಿ, ಅಂದರೆ ಪೆನ್ಸಿಲ್. ಸಣಕಲು ದೇಹ, ಉದ್ದ ಕತ್ತು, ಎಣ್ಣೆ ಹಾಕಿ ಒತ್ತಿ ಬಾಚಿದ ಕಪ್ಪು ಕೂದಲು, ಹೆಸರು ಹೊಂದುತ್ತಿತ್ತು. ಆದರೆ ಆ ಹೆಸರು ಬಂದದ್ದು ಆಕಾರದಿಂದಲ್ಲ, ಕೆಲಸದಿಂದ.

ಆಗಿನ ಸ್ಟುಡಿಯೊಗಳಲ್ಲಿ ಫೋಟೊ ತೆಗೆದರೆ ಅರ್ಧ ಕೆಲಸ ಮುಗಿದ ಹಾಗೆ, ಅಷ್ಟೆ. ಉಳಿದರ್ಧ ಟಚಿಂಗ್. ಗಾಜಿನ ನೆಗೆಟಿವ್ ಒಣಗಿದ ಮೇಲೆ ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ನಿಲ್ಲಿಸಿ, ಮೇಲೊಂದು ತೆಳುವಾದ ಅಂಟೆಣ್ಣೆ ಸವರಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಮುಖ ತಿದ್ದಬೇಕು. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಮುಖದ ಮೇಲಿನ ಕಪ್ಪು ಕಲೆ ಅಲ್ಲಿ ಬೆಳಕು ನುಗ್ಗುವ ಒಂದು ತೆರಪು. ಆ ತೆರಪನ್ನು ಪೆನ್ಸಿಲ್ಲಿನ ಸಣ್ಣ ಸಣ್ಣ ಗೀರುಗಳಿಂದ ತುಂಬಿಬಿಟ್ಟರೆ ಪ್ರಿಂಟಿನಲ್ಲಿ ಕಲೆಯೇ ಇಲ್ಲ. ಮೊಡವೆ, ಸುಕ್ಕು, ಸಿಡುಬಿನ ಗುಳಿ, ಕಣ್ಣಿನ ಕೆಳಗಿನ ಕಪ್ಪು, ಎಲ್ಲಕ್ಕೂ ಅಜ್ಜನ ಬಳಿ ಒಂದೇ ಔಷಧಿ. ಮದುವೆಗೆ ಹುಡುಗಿ ತೋರಿಸಬೇಕಾದವರು ಮೂರು ಬೀದಿ ಆಚೆಯ ದೊಡ್ಡ ಸ್ಟುಡಿಯೊ ಬಿಟ್ಟು ಇವರ ಹತ್ತಿರ ಬರುತ್ತಿದ್ದರು.

ಒಮ್ಮೆ ಹೆಂಗಸೊಬ್ಬಳು ಬಂದು, "ನಮ್ಮೆಜಮಾನ್ರ ಗಲ್ಲ ಸ್ವಲ್ಪ ಕಮ್ಮಿ ಮಾಡಿಕೊಡಿ" ಎಂದಳಂತೆ.

"ಗಲ್ಲ ಕಮ್ಮಿ ಮಾಡ್ತೀನಮ್ಮ. ಸಿಟ್ಟು ಕಮ್ಮಿ ಮಾಡೋ ಪೆನ್ಸಿಲ್ ಇನ್ನೂ ಬಂದಿಲ್ಲ."

ಈ ಮಾತುಗಳನ್ನೆಲ್ಲ ನನಗೆ ಹೇಳಿದ್ದು ಅಜ್ಜಿ. ನನ್ನ ಹೆರಿಗೆಯಾದಾಗ ಬಂದು ಮೂರು ತಿಂಗಳು ಇದ್ದರು. ಮಗುವಿಗೆ ಹಾಲೂಡಿಸುತ್ತ ಕೂತಾಗ, ಸುಮ್ಮನಿದ್ದರೆ ನನಗೆ ಇಲ್ಲದ ಯೋಚನೆಗಳು ಬರುತ್ತವೆಂದು, ಒಂದೊಂದೇ ಹೇಳುತ್ತಿದ್ದರು. ಅವರು ಹೇಳಿದ್ದರಲ್ಲಿ ಎಲ್ಲವೂ ಯೋಚನೆ ಕಮ್ಮಿ ಮಾಡುವಂಥದ್ದಾಗಿರಲಿಲ್ಲ.

ಸ್ಟುಡಿಯೊ ಮನೆಯ ಮುಂದಿನ ಕೋಣೆ. ಗೋಡೆಗೆ ತೂಗಿಬಿಟ್ಟ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಕಂಬ, ಮೆಟ್ಟಿಲು, ಮೋಡ. ಒಂದು ಕೈಕುರ್ಚಿ, ಒಂದು ಎತ್ತರದ ಸ್ಟೂಲು. ಅಡುಗೆಮನೆಯ ಪಕ್ಕದ ಉಗ್ರಾಣವೇ ಡಾರ್ಕ್‌ರೂಮ್. ಅಲ್ಲಿಂದ ಬರುವ ಹುಳಿ ವಾಸನೆ ಊಟದ ತಟ್ಟೆಯವರೆಗೂ ಬರುತ್ತಿತ್ತು. ಎದುರು ಮನೆಯಲ್ಲಿ ಹೊಲಿಗೆಯಕ್ಕ. ಗಂಡ ಸತ್ತು ಬಹಳ ವರ್ಷವಾಗಿತ್ತು. ಹೊಲಿಗೆ ಯಂತ್ರವನ್ನು ಕಿಟಕಿಗೆ ಒತ್ತರಿಸಿ ಹಾಕಿಕೊಂಡು, ಬೀದಿಯಲ್ಲಿ ಯಾರು ಹೋದರೂ ತಲೆಯೆತ್ತದೆ ಕಾಲು ನೋಡಿಯೇ ಗುರುತು ಹಿಡಿದು ಮಾತಾಡಿಸುವ ಹೆಂಗಸು. ಇದ್ದದ್ದು ಒಬ್ಬನೇ ಮಗ.

ಯುದ್ಧ ಶುರುವಾದಾಗ ಸ್ಟುಡಿಯೊ ಮುಂದೆ ಸಾಲು ನಿಂತಿತು. ಸೈನ್ಯಕ್ಕೆ ಹೋಗುವ ಹುಡುಗರು, ಹಿಂದೆ ಅಮ್ಮಂದಿರು. ದಿನಕ್ಕೆ ನಲವತ್ತು ಮುಖ. ಹೊಲಿಗೆಯಕ್ಕನ ಮಗನೂ ಬಂದ. ಇಪ್ಪತ್ತರ ಹುಡುಗ. ಅವನ ಎಡಗಣ್ಣಿನ ಪಕ್ಕದಲ್ಲಿ, ಕಪೋಲದ ಮೂಳೆ ಮುಗಿಯುವಲ್ಲಿ, ಅಂಗಿಯ ಗುಂಡಿಯಷ್ಟು ಅಗಲದ ಕಂದು ಹುಟ್ಟುಮಚ್ಚೆ. ಅದನ್ನು ತೆಗೆಯಿರಿ ಎಂದು ಅವನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಅಜ್ಜ ತಾವಾಗಿಯೇ, ಎದುರು ಮನೆಯ ಹುಡುಗ ಎಂಬ ಪ್ರೀತಿಗೆ, ಒಂದು ಇಡೀ ಬೆಳಿಗ್ಗೆ ಕೂತು ಅದನ್ನು ಅಳಿಸಿದರು. ಅವರ ಕೈಯಲ್ಲಿ ಅಷ್ಟು ಚೆನ್ನಾಗಿ ಕೂತ ಟಚಿಂಗ್ ಬೇರೆ ಇಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ಎಲ್ಲಿತ್ತು ಎಂದು ಹೆತ್ತವಳೇ ಬೆರಳಿಟ್ಟು ಹುಡುಕಿದಳಂತೆ.

"ಏನಪ್ಪಾ, ನಾನು ಹೆತ್ತಿದ್ದಕ್ಕಿಂತ ನೀನು ಬರೆದಿದ್ದೇ ಚೆನ್ನಾಗಿದೆಯಲ್ಲ" ಎಂದಳು ಹೊಲಿಗೆಯಕ್ಕ. ಅಜ್ಜ ಒಂದು ವಾರ ಆ ಮಾತಿನ ಮೇಲೆಯೇ ನಡೆದಾಡಿದರು.

ಹುಡುಗ ಹೋದ. ಎರಡು ವರ್ಷ ಕಾಗದ ಬಂತು, ಆಮೇಲೆ ನಿಂತಿತು. ಯುದ್ಧ ಮುಗಿಯಿತು. ಸತ್ತವರ ಪಟ್ಟಿಯಲ್ಲೂ ಅವನಿಲ್ಲ, ಬಂದವರ ರೈಲಿನಲ್ಲೂ ಅವನಿಲ್ಲ.

ಯುದ್ಧ ಮುಗಿದ ಮೇಲೆ ಅಜ್ಜನ ಕೈಗೆ ಬಂದ ಕೆಲಸವೇ ಬೇರೆ. ವಿಧವೆಯರು ಸಣ್ಣ ಫೋಟೊ ತಂದು ದೊಡ್ಡದು ಮಾಡಿಸುತ್ತಿದ್ದರು. ಸತ್ತವನು ಹೋದ ಮೇಲೆ ಹುಟ್ಟಿದ ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿಕೊಡಿ ಎನ್ನುತ್ತಿದ್ದರು. ಅಜ್ಜ ಎರಡು ನೆಗೆಟಿವ್ ಸೇರಿಸಿ ಕೂರಿಸಿಕೊಡುತ್ತಿದ್ದರು. ಅದರ ಜೊತೆಗೆ ಸರಕಾರದ ಕೆಲಸ ಸಿಕ್ಕಿತು. ಎಲ್ಲರಿಗೂ ಹೊಸ ಗುರುತಿನ ಚೀಟಿ, ಅದಕ್ಕೆ ಫೋಟೊ. ಲೈಸೆನ್ಸ್ ಇದ್ದ ಸ್ಟುಡಿಯೊಗಳಷ್ಟೇ ತೆಗೆಯಬೇಕು, ಮುಖದ ಮೇಲೆ ಪೆನ್ಸಿಲ್ಲಿನ ಒಂದು ಗೀರೂ ಇರಕೂಡದು, ಇದ್ದರೆ ಲೈಸೆನ್ಸ್ ರದ್ದು. ಕಾಗದ, ಗಾಜು, ಸೀಮೆಎಣ್ಣೆ ಯಾವುದೂ ಸಿಗದ ಕಾಲ. ಮನೆ ನಡೆಯುತ್ತಿದ್ದದ್ದೇ ಆ ಲೈಸೆನ್ಸಿನಿಂದ. ನನ್ನ ಅಮ್ಮನಿಗೆ ಆಗ ಏಳು ತಿಂಗಳು.

ಆಗಲೇ ಪೇಪರಿನಲ್ಲಿ ಆ ಪಟ್ಟಿ ಬಂದದ್ದು. ದೂರದ ಒಂದು ಆಸ್ಪತ್ರೆಯಲ್ಲಿ ಗುರುತು ಸಿಗದ ಗಾಯಾಳುಗಳು. ಅದರಲ್ಲಿ ಒಬ್ಬ: ವಯಸ್ಸು ಸುಮಾರು ಇಪ್ಪತ್ತೈದು, ಮಾತು ಹೋಗಿದೆ, ನೆನಪೂ ಇದ್ದಂತಿಲ್ಲ, ಎಡಗಣ್ಣಿನ ಪಕ್ಕದಲ್ಲಿ ದುಂಡು ಮಚ್ಚೆ.

ಹೊಲಿಗೆಯಕ್ಕ ಅವತ್ತೇ ಮಗನ ಫೋಟೊವನ್ನು ಚೌಕಟ್ಟಿನಿಂದ ಬಿಚ್ಚಿ, ಅರ್ಜಿಯ ಜೊತೆ ಕಚೇರಿಗೆ ಕಳಿಸಿದಳು. ಮೂರು ವಾರದ ಮೇಲೆ ಉತ್ತರ ಬಂತು. ಫೋಟೊದಲ್ಲಿರುವ ವ್ಯಕ್ತಿಗೆ ಮಚ್ಚೆ ಇಲ್ಲವಾದ್ದರಿಂದ ಅರ್ಜಿ ತಿರಸ್ಕರಿಸಲಾಗಿದೆ. ಆಸ್ಪತ್ರೆ ಇದ್ದ ಕಡೆಗೆ ಹೋಗಲು ಪರವಾನಗಿ ಬೇಕು, ಪರವಾನಗಿಗೆ ಫೋಟೊ ಹೊಂದಬೇಕು. ಅವಳು ಇಲ್ಲಿಯ ಕಚೇರಿಗೆ ಹೋಗಿ, ಮಚ್ಚೆ ಇತ್ತು, ಹೆತ್ತವಳಿಗೆ ಗೊತ್ತಿಲ್ಲವೇ ಎಂದಳು.

"ಅಮ್ಮಾ, ಪೇಪರಲ್ಲಿ ಮಚ್ಚೆ ಅಂತ ಹಾಕಿದ ಮೇಲೆ ಹನ್ನೊಂದು ಜನ ತಾಯಂದಿರು ಬಂದಿದಾರೆ" ಎಂದ ಗುಮಾಸ್ತ. "ಹನ್ನೊಂದು ಮಕ್ಕಳಿಗೂ ಮಚ್ಚೆ ಇತ್ತಂತೆ. ನಾವು ಯಾರ ಮಾತು ಕೇಳೋದು? ಫೋಟೊ ಸುಳ್ಳು ಹೇಳಲ್ಲ ನೋಡಿ."

ಅವಳು ಅಲ್ಲಿಂದ ನೇರ ಸ್ಟುಡಿಯೊಗೆ ಬಂದಳು. ಅಜ್ಜ ಯಾರದೋ ಚೀಟಿಯ ಫೋಟೊ ಕತ್ತರಿಸುತ್ತಿದ್ದರು.

"ನೀನೇ ಅಳಿಸಿದ್ದು ಅಂತ ಒಂದು ಕಾಗದ ಬರೆದುಕೊಡಪ್ಪ. ಇಲ್ಲಾಂದ್ರೆ ಆ ಗಾಜಿನ ಮೇಲಿನ ಪೆನ್ಸಿಲ್ ಒರೆಸಿ, ಇದ್ದ ಹಾಗೆ ಇನ್ನೊಂದು ಪ್ರಿಂಟ್ ಹಾಕಿಕೊಡು. ಒರೆಸಿದ್ರೆ ಹೋಗುತ್ತೆ ಅಂತ ನೀನೇ ಹೇಳಿದ್ದೆ ಅವತ್ತು."

"ನೆಗೆಟಿವ್ ಹುಡುಕ್ಬೇಕು ಅಕ್ಕ. ಯುದ್ಧದಲ್ಲಿ ಎಷ್ಟೋ ಗಾಜು ತೊಳೆದು ಮತ್ತೆ ಬಳಸಿದೀವಿ. ನೋಡ್ತೀನಿ."

ಅಷ್ಟೂ ಸುಳ್ಳಲ್ಲ. ಎಷ್ಟೋ ಗಾಜುಗಳನ್ನು ಬಿಸಿನೀರಿನಲ್ಲಿ ಕೆರೆದು ಕಿಟಕಿಗೆ ಮಾರಿಯೂ ಇದ್ದರು. ಆದರೆ ಈ ಗಾಜು ಹಾಗೆಯೇ ಇತ್ತು. ಅವಳು ಹೊರಟ ಕಾಲು ಗಂಟೆಯಲ್ಲಿ, ಅಟ್ಟದ ಮೂರನೆಯ ಪೆಟ್ಟಿಗೆಯಲ್ಲಿ, ಕಾಗದದ ಲಕೋಟೆಯೊಳಗೆ, ಸಿಕ್ಕಿತು. ಅಜ್ಜ ಅದನ್ನು ಕಿಟಕಿಗೆ ಹಿಡಿದು ನೋಡಿದರು. ಅಡುಗೆಮನೆಗೆ ಬಂದು ಅಜ್ಜಿಗೂ ತೋರಿಸಿದರು.

"ಕೊಟ್ಟುಬಿಡ್ತೀನಿ ಕಣೇ."

ಇನ್ನು ಮುಂದಿನದನ್ನು ಅಜ್ಜಿ ನನ್ನ ಮುಖ ನೋಡದೆ, ಮಗುವಿನ ಬಟ್ಟೆ ಮಡಚುತ್ತ ಹೇಳಿದರು. ಬೇಡ ಎಂದದ್ದು ಅವರೇ. "ಕಚೇರಿಗೆ ನಿಮ್ಮ ಸ್ಟುಡಿಯೊ ಹೆಸರಲ್ಲಿ, ನಾನು ಮುಖ ಬದಲಾಯಿಸ್ತೀನಿ ಅಂತ ಹೋಗುತ್ತೆ ಅದು. ಅದೇ ಕಚೇರಿಯವರೇ ಲೈಸೆನ್ಸ್ ಕೊಟ್ಟಿರೋದು. ನಾಳೆ ನಿಮ್ಮ ಚೀಟಿ ಫೋಟೊ ಒಂದೊಂದನ್ನೂ ಹಿಡಿದು ನೋಡ್ತಾರೆ. ಕೂಸಿಗೆ ಹಾಲಿಗೇನು ಮಾಡೋಣ? ನೆಗೆಟಿವ್ ಸಿಗ್ಲಿಲ್ಲ ಅಂದ್ರೆ ಯಾರು ಬಂದು ಅಟ್ಟ ಹತ್ತುತಾರೆ? ಸ್ವಲ್ಪ ದಿನ ತಡೀರಿ. ಅಕ್ಕನೇ ಬೇರೆ ದಾರಿ ಹುಡುಕ್ತಾರೆ."

"ಚೀಟಿಗೂ ಇದಕ್ಕೂ ಸಂಬಂಧ ಇಲ್ವಲ್ಲೇ. ಇದು ಯುದ್ಧ ಶುರುವಾದಾಗಿನದು."

"ಸಂಬಂಧ ಇಲ್ಲ ಅಂತ ನೀವು ಹೇಳ್ತೀರಿ. ಅವರು ಹೇಳ್ಬೇಕಲ್ಲ."

ಅಜ್ಜ ತಡೆದರು. ಹೊಲಿಗೆಯಕ್ಕ ದಿನವೂ ಬೆಳಿಗ್ಗೆ ಯಂತ್ರಕ್ಕೆ ಕೂರುವ ಮುಂಚೆ ಬರುತ್ತಿದ್ದಳು. ಬಾಗಿಲಲ್ಲೇ ನಿಂತು, "ಸಿಕ್ತಾ?" ಎನ್ನುವಳು. "ಇಲ್ಲ ಅಕ್ಕ, ಇನ್ನೂ ಎರಡು ಪೆಟ್ಟಿಗೆ ಇದೆ" ಎನ್ನುವರು. ಅಜ್ಜಿ ಒಂದು ಲೋಟ ನೀರು ಕೊಡುವರು. ಅವಳು ಕುಡಿದು, ನನ್ನ ಅಮ್ಮನ ಕೆನ್ನೆ ಮುಟ್ಟಿ ಹೋಗುವಳು. ಅಮ್ಮನಿಗೆ ಒಂದು ಕುಲಾವಿಯನ್ನೂ ಆ ದಿನಗಳಲ್ಲೇ ಹೊಲಿದು ತಂದುಕೊಟ್ಟಳು. ಹೀಗೆ ಹತ್ತೊಂಬತ್ತು ದಿನ.

ಇಪ್ಪತ್ತನೆಯ ದಿನ ಭಾನುವಾರ. ಅಜ್ಜ ಅಜ್ಜಿಗೆ ಏನೂ ಹೇಳದೆ ಗಾಜನ್ನು ಕಿಟಕಿಯ ಹತ್ತಿರ ತಂದು, ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಒರೆಸಿದರು. ಅಂಟೆಣ್ಣೆಯ ಜೊತೆ ಪೆನ್ಸಿಲ್ಲಿನ ಗೀರುಗಳೂ ಬೂದು ಕೊಳೆಯಾಗಿ ಹತ್ತಿಗೆ ಬಂದವು. ಪ್ರಿಂಟ್ ಹಾಕಿದರು. ಡಾರ್ಕ್‌ರೂಮಿನ ಕೆಂಪು ಬೆಳಕಿನಲ್ಲಿ, ತಟ್ಟೆಯ ದ್ರಾವಣದಲ್ಲಿ ಹುಡುಗನ ಮುಖ ಮೂಡಿತು. ಎಲ್ಲಕ್ಕಿಂತ ಮೊದಲು ಕಪ್ಪಾಗಿ ಮೂಡಿದ್ದು ಮಚ್ಚೆ. ಸೋಮವಾರ ಅಜ್ಜ ತಾವೇ ರೈಲು ಹತ್ತಿ, ಅರ್ಧ ದಿನದ ದಾರಿಯ ದೊಡ್ಡ ಕಚೇರಿಗೆ ಹೋದರು. ಜೇಬಿನಲ್ಲಿ ತಪ್ಪೊಪ್ಪಿಕೊಂಡ ಕಾಗದ, ಕೆಳಗೆ ಸಹಿ, ಸ್ಟುಡಿಯೊದ ಮುದ್ರೆ.

ಅಲ್ಲಿಯ ಗುಮಾಸ್ತ ಕಾಗದ ಓದಿ ಫೈಲು ತೆಗೆದ.

"ಅವನನ್ನ ಕೊಟ್ಟಾಯ್ತಲ್ಲ ಸ್ವಾಮಿ. ಹೋದ ವಾರ ಅಲ್ಲ, ಅದರ ಹಿಂದಿನ ವಾರ. ಹತ್ತು ದಿನ ಆಯ್ತು. ಅವನ ತಾಯಿ ಬಂದು ಕರ್ಕೊಂಡು ಹೋದ್ರು."

"ಯಾವ ತಾಯಿ?"

"ಫೋಟೊ ಇದ್ದ ತಾಯಿ."

ಫೈಲಿನಲ್ಲಿ ಆ ಫೋಟೊ ಅಂಟಿಸಿತ್ತು. ಬೇರೊಬ್ಬ ಹುಡುಗ. ಆಸ್ಪತ್ರೆಯವನು ಮೂಳೆ ಚಕ್ಕಳ, ಬೋಳು ತಲೆ, ದವಡೆಗೆ ಗಾಯ. ಅಂಥವನ ಜೊತೆ ಆ ವಯಸ್ಸಿನ ಯಾವ ಮುಖವಾದರೂ ಹೋಲುತ್ತದೆ. ಎಡಗಣ್ಣಿನ ಪಕ್ಕದಲ್ಲಿ ಮಚ್ಚೆ ಇತ್ತು. ಅಜ್ಜ ಜೇಬಿನಿಂದ ಭೂತಗನ್ನಡಿ ತೆಗೆದು ಬಗ್ಗಿದರು. ಮಚ್ಚೆ ಚರ್ಮದ ಮೇಲಿರಲಿಲ್ಲ, ಫೋಟೊದ ಮೇಲಿತ್ತು. ನೆಗೆಟಿವ್ ಅನ್ನು ಸಣ್ಣ ಚೂರಿಯಿಂದ ಕೆರೆದರೆ ಆ ಜಾಗ ಪ್ರಿಂಟಿನಲ್ಲಿ ಕಪ್ಪಾಗುತ್ತದೆ. ಇದು ಹಾಗೆ ಕೆರೆದ ಮಚ್ಚೆ. ಒಳ್ಳೆಯ ಕೈ, ಆದರೆ ಗೀರುಗಳೆಲ್ಲ ಬಲದಿಂದ ಎಡಕ್ಕೆ ಬಾಗಿದ್ದವು. ಎಡಗೈಯವನ ಕೆಲಸ.

"ಇದು ಸುಳ್ಳು ಮಚ್ಚೆ" ಎಂದರು ಅಜ್ಜ.

ಗುಮಾಸ್ತ ಎರಡೂ ಫೋಟೊ ಅಕ್ಕಪಕ್ಕ ಇಟ್ಟು ನೋಡಿದ. "ನಿಮ್ದೂ ಮೊದ್ಲು ಒಂದು ಥರ ಬಂದಿತ್ತು, ಈಗ ಒಂದು ಥರ ಬಂದಿದೆ. ನೀವೇ ಬರೆದುಕೊಟ್ಟಿದೀರಿ, ನಾನು ಸುಳ್ಳು ಫೋಟೊ ಮಾಡ್ತೀನಿ ಅಂತ. ನಾನು ಯಾವ ಸುಳ್ಳನ್ನ ನಂಬ್ಲಿ ಹೇಳಿ." ವಿಳಾಸ ಕೊಡುವಂತಿಲ್ಲ, ನಿಯಮ. ಫೋಟೊದ ಅಂಚು ಕತ್ತರಿಸಿ ಅಂಟಿಸಿದ್ದರಿಂದ ಸ್ಟುಡಿಯೊದ ಮುದ್ರೆಯೂ ಕಾಣಲಿಲ್ಲ.

ಹತ್ತು ದಿನ. ನಾನು ಎಷ್ಟು ಸಲ ಕೂಡಿ ಕಳೆದು ನೋಡಿದ್ದೇನೋ. ಅವಳು ಕೇಳಿದ ಮರುದಿನ ಹೋಗಿದ್ದರೆ ಸಾಕಿತ್ತು. ಮೂರನೆಯ ದಿನ, ಐದನೆಯ ದಿನ, ಒಂಬತ್ತನೆಯ ದಿನ ಹೋಗಿದ್ದರೂ ಆಗುತ್ತಿತ್ತು.

ಅಜ್ಜ ಸಂಜೆ ಊರಿಗೆ ಬಂದವರು ಮನೆಗೆ ಹೋಗದೆ ಎದುರು ಮನೆ ಬಾಗಿಲಿಗೆ ಹೋದರು. ನಡೆದದ್ದನ್ನು ಹೇಳಿದರು. ಗಾಜು ಮೊದಲನೆಯ ದಿನವೇ ಸಿಕ್ಕಿತ್ತು ಎಂಬುದನ್ನೂ ಹೇಳಿದರು. ಹೆಂಡತಿಯ ಮಾತು ಎತ್ತಲಿಲ್ಲ. ಅಜ್ಜಿ ಈಚೆ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದರು.

ಹೊಲಿಗೆಯಕ್ಕ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಕೂತೇ ಇದ್ದಳು.

"ಹತ್ತೊಂಬತ್ತು ದಿನ ಬಂದು ಕೇಳ್ದೆ. ಹತ್ತೊಂಬತ್ತು ದಿನಾನೂ ನಿನ್ನ ಹೆಂಡ್ತಿ ನೀರು ಕೊಟ್ಳು."

ಅವಳು ಚಕ್ರದಿಂದ ಕೈ ತೆಗೆದಳು.

"ಆ ಎಡಗೈಯವನನ್ನ ಹುಡುಕು. ಅವನಿಗೆ ಗೊತ್ತಿರುತ್ತೆ ಆಕೆ ಮನೆ. ನೀನಾಗೇ ಬಂದು ಹೇಳೋವರೆಗೂ ನಾನು ನಿನ್ನ ಬಾಗಿಲಿಗೆ ಬರಲ್ಲ."

ಅಲ್ಲಿಂದ ಆರು ವರ್ಷ ಅಜ್ಜನ ಬದುಕು ಆ ಒಂದು ಕೈಯ ಬೆನ್ನು ಹತ್ತಿತು. ಗೊತ್ತಿದ್ದ ಸ್ಟುಡಿಯೊಗಳಿಗೆಲ್ಲ ಕಾಗದ ಬರೆದರು: ನಿಮ್ಮಲ್ಲಿ ಎಡಗೈಯಲ್ಲಿ ಟಚಿಂಗ್ ಮಾಡುವವರು ಇದ್ದಾರೆಯೇ. ಎಷ್ಟೋ ಜನ ಉತ್ತರಿಸಲಿಲ್ಲ. ಒಬ್ಬ, ಎಡಗೈ ಬಲಗೈ ಎರಡೂ ಖಾಲಿ ಕೂತಿವೆ, ಕೆಲಸ ಇದ್ದರೆ ಕಳಿಸಿ ಎಂದು ಬರೆದ. ಊರೂರು ಸುತ್ತಿ ಗಾಜು ಮತ್ತು ಕಾಗದ ಮಾರುವ ಏಜೆಂಟನಿಗೆ ಹೇಳಿಟ್ಟರು. ಅವನು ಪ್ರತಿ ಸಲ ಬಂದಾಗಲೂ ಪೆಟ್ಟಿಗೆ ಇಳಿಸುವ ಮೊದಲೇ ತಲೆಯಾಡಿಸಿಬಿಡುತ್ತಿದ್ದ.

ಪೆನ್ಸಿಲ್ ಮುಟ್ಟುವುದನ್ನು ಅಜ್ಜ ಬಿಟ್ಟರು. ಇದ್ದ ಮುಖ ಇದ್ದ ಹಾಗೆ. ಗಿರಾಕಿಗಳು ತಮ್ಮ ಫೋಟೊ ತಾವೇ ನೋಡಿ ಮುಖ ಸಿಂಡರಿಸಿದರು. ಮದುವೆಗೆಂದು ತೆಗೆಸಿಕೊಂಡ ಒಬ್ಬಳ ಅಪ್ಪ, "ಇದನ್ನ ಕಳಿಸೋದಕ್ಕಿಂತ ಹುಡುಗಿ ಇಲ್ಲ ಅಂತ ಬರೆದುಬಿಡ್ತೀನಿ" ಎಂದು ಫೋಟೊ ಅಲ್ಲೇ ಬಿಟ್ಟು ಹೋದ. ಎಲ್ಲರೂ ಮೂರು ಬೀದಿ ಆಚೆಯ ದೊಡ್ಡ ಸ್ಟುಡಿಯೊದ ದಾರಿ ಹಿಡಿದರು. ಅಜ್ಜಿ ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡತೊಡಗಿದರು. ಅಷ್ಟು ಹೆದರಿದ್ದ ಆ ಲೈಸೆನ್ಸನ್ನು ಮಾತ್ರ ಯಾರೂ ಕೇಳಲಿಲ್ಲ. ಅಜ್ಜ ಸಹಿ ಮಾಡಿ ಕೊಟ್ಟ ಕಾಗದವನ್ನು ಆ ಕಚೇರಿಯಲ್ಲಿ ಮತ್ತೆ ಯಾರಾದರೂ ಓದಿದರೋ ಇಲ್ಲವೋ. ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಣವಾಗಿ ತಪ್ಪದೆ ಬರುತ್ತಿತ್ತು.

ಏಳನೆಯ ವರ್ಷದಲ್ಲಿ ಏಜೆಂಟ್ ಬಂದವನು ತಲೆಯಾಡಿಸಲಿಲ್ಲ. ಒಂದು ಲಕೋಟೆ ಕೊಟ್ಟ. ಬರೆದವನು ಬೇರೊಂದು ಊರಿನ ಮುದುಕ ಟಚಿಂಗಿನವನು. ಅಕ್ಷರವೂ ಅದೇ ಕಡೆಗೆ ವಾಲಿತ್ತು.

ಅದು ನನ್ನದೇ ಕೈ, ಎಂದು ಬರೆದಿದ್ದ. ಆಕೆ ಪೇಪರ್ ಹಿಡಿದುಕೊಂಡು ಬಂದು ಕೇಳಿದಳು. ಅವಳ ಮಗ ಸತ್ತ ಸುದ್ದಿ ಅವನ ಜೊತೆಯವನೇ ಬಂದು ಹೇಳಿ ಹೋಗಿದ್ದ, ಅವಳು ಒಪ್ಪಿರಲಿಲ್ಲ. ಯಾರೂ ಕೇಳುವವರಿಲ್ಲದವನನ್ನು ಯಾರೂ ಇಲ್ಲದವಳು ನೋಡಿಕೊಂಡರೆ ತಪ್ಪೇನು ಎಂದು ಮಾಡಿಕೊಟ್ಟೆ. ಕೇಳುವವರು ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಆ ಹುಡುಗ ಕಳೆದ ಚಳಿಗಾಲದಲ್ಲಿ ತೀರಿಕೊಂಡ. ಎದೆಯ ಕಾಯಿಲೆ.

ಅಜ್ಜ ಕಾಗದ ಹಿಡಿದು ಎದುರು ಮನೆಗೆ ಹೋಗಿ ಓದಿದರು. ಹೊಲಿಗೆಯಕ್ಕ ಎರಡು ಸಲ ಓದಿಸಿದಳು.

"ಅವನು ನನ್ನ ಮಗ ಅಂತ ಯಾರಿಗೂ ಖಾತ್ರಿ ಇಲ್ಲ ಅಲ್ವಾ?"

"ಇಲ್ಲ ಅಕ್ಕ. ಮಚ್ಚೆ ಇರೋನು ಇನ್ನೊಬ್ಬ ಇರಬಹುದು."

"ಹೋಗಿ ನೋಡೋಣ."

ಅಷ್ಟರಲ್ಲಿ ಪರವಾನಗಿಯ ಕಾಲ ಮುಗಿದಿತ್ತು, ಬಸ್ಸಿನಲ್ಲೇ ಹೋಗಬಹುದಾಗಿತ್ತು. ಅಜ್ಜ ಕ್ಯಾಮೆರಾ ಮತ್ತು ಮೂರು ಕಾಲಿನ ಸ್ಟ್ಯಾಂಡು ಹೊತ್ತುಕೊಂಡರು. ಮಣ್ಣು ಮಾಡಿದ ಜಾಗದ್ದೊಂದು ಫೋಟೊವಾದರೂ ಅವಳಿಗೆ ಇರಲಿ ಎಂದು. ಆ ಊರಿನ ಎಡಗೈ ಮುದುಕ ಬಸ್ಸಿನ ಹತ್ತಿರ ಕಾದಿದ್ದು, ಓಣಿಯ ತುದಿಯವರೆಗೆ ತೋರಿಸಿ, "ನಾನು ಒಳಗೆ ಬರಲ್ಲ, ಆಕೆಗೆ ಹೇಳಿದೀನಿ" ಎಂದು ಹಿಂತಿರುಗಿದ.

ಬಾಗಿಲು ತೆರೆದವಳು ಗಿಡ್ಡನೆಯ ಹೆಂಗಸು. ಒಂದೇ ಕೋಣೆ. ಗೋಡೆಗೆ ತಾಗಿ ಕಬ್ಬಿಣದ ಮಂಚ, ಹಾಸಿಗೆ ಸುತ್ತಿಟ್ಟಿತ್ತು. ಬಂದವರಿಗೆ ಕೂರಲು ಚಾಪೆ ಹಾಸಿದಳು. ತಾನು ನಿಂತೇ ಇದ್ದಳು.

"ಅವನು ನನ್ನ ಮಗನೇ" ಎಂದಳು. "ಹೆಸರು ಕರೆದ್ರೆ ತಿರುಗಿ ನೋಡ್ತಿದ್ದ."

ಹೊಲಿಗೆಯಕ್ಕ ಸ್ವಲ್ಪ ಹೊತ್ತು ಮಂಚ ನೋಡಿದಳು.

"ಅವನ ಬಟ್ಟೆ ಯಾರು ಹೊಲೀತಿದ್ರು?"

ಆಕೆಗೆ ಪ್ರಶ್ನೆ ವಿಚಿತ್ರವೆನಿಸಿರಬೇಕು. "ನಾನೇ. ಕೈಯಲ್ಲೇ. ಚೆನ್ನಾಗಿ ಬರ್ತಿರಲಿಲ್ಲ. ಎಷ್ಟು ಸರಿ ಮಾಡಿದ್ರೂ ಅಂಗಿ ಒಂದು ಕಡೆ ಜಾರೋದು."

"ಎಡಗಡೆ."

ಆಕೆ ತಲೆಯಾಡಿಸಿದಳು.

"ಎಡಭುಜದ ಹೊಲಿಗೆ ಅರ್ಧ ಇಂಚು ಮೇಲೆ ಹಿಡೀಬೇಕಿತ್ತು. ಏಳು ವರ್ಷದವನಿದ್ದಾಗ ಮೆಟ್ಟಿಲಿಂದ ಬಿದ್ದು ಆ ಭುಜ ಇಳಿದುಬಿಟ್ಟಿತ್ತು. ಅಳತೆ ತಗೊಳ್ಳೋವಾಗ ನೆಟ್ಟಗೆ ನಿಂತ್ಕೋತಿದ್ದ, ಗೊತ್ತಾಗ್ಬಾರ್ದು ಅಂತ."

ಆಮೇಲೆ ಗಿಡ್ಡನೆಯ ಹೆಂಗಸು ಚಾಪೆಯ ತುದಿಗೆ ಬಂದು ಕೂತಳು.

"ನನ್ನವನ ಭುಜ ನೆಟ್ಟಗಿತ್ತು" ಎಂದಳು.

ಆಕೆಯೇ ಅವರನ್ನು ಊರಾಚೆಗೆ ಕರೆದುಕೊಂಡು ಹೋದಳು. ಇಬ್ಬರು ಹೆಂಗಸರು ಮುಂದೆ, ಅಜ್ಜ ಸಾಮಾನು ಹೊತ್ತು ಹಿಂದೆ. ಅಲ್ಲಿ ಒಂದು ಚಿಕ್ಕ ಕಲ್ಲು. ಕಲ್ಲಿನ ಮೇಲೆ ಇನ್ನೊಬ್ಬ ತಾಯಿಯ ಮಗನ ಹೆಸರು, ಅವನ ಹುಟ್ಟಿದ ವರ್ಷ, ಇವನು ಸತ್ತ ವರ್ಷ. ಹೊಲಿಗೆಯಕ್ಕ ಬಗ್ಗಿ ಕಲ್ಲಿನ ಬುಡದಲ್ಲಿ ಬೆಳೆದಿದ್ದ ಹುಲ್ಲನ್ನು ಒಂದೊಂದೇ ಎಳೆಯಾಗಿ ಕಿತ್ತಳು. ಅಜ್ಜ ಸ್ಟ್ಯಾಂಡು ಬಿಚ್ಚಿ, ಕ್ಯಾಮೆರಾ ಕೂರಿಸಿ, ಬಿಸಿಲು ಯಾವ ಕಡೆಯಿಂದ ಬರುತ್ತಿದೆ ಎಂದು ನೋಡುತ್ತಿದ್ದರು.

"ತೆಗೀಬೇಡಪ್ಪ" ಎಂದಳು ಅವಳು, ತಿರುಗಿ ನೋಡದೆ. "ಅದರಲ್ಲಿ ಬೇರೆಯವರ ಹೆಸರು ಬರುತ್ತೆ. ಅದನ್ನೂ ಅಳಿಸಿಕೊಡ್ತೀಯಾ?"

ಅಳಿಸಿ ಬೇರೆ ಹೆಸರು ಬರೆಯುವುದು ಅಜ್ಜನಿಗೆ ಅರ್ಧ ಗಂಟೆಯ ಕೆಲಸ. ಅವರು ಕ್ಯಾಮೆರಾ ಇಳಿಸಿ, ಸ್ಟ್ಯಾಂಡಿನ ಕಾಲುಗಳನ್ನು ಮಡಚಿದರು.